ಸಾಯುವ ಯೋಚನೆ ಇದೆಯಾ ಎಂದು ಮಗನನ್ನು ಕೇಳಬಹುದೇ?

ಪ್ರಶ್ನೆ: ಮಗ ದ್ವಿತೀಯ ಪಿಯುಸಿ. ಸಾಲ ಮಾಡಿ ನೀಟ್ ಕೋಚಿಂಗ್ ಇರುವ ಹಾಸ್ಟೆಲ್ ಕಾಲೇಜಿಗೆ ಸೇರಿಸಿದ್ದೇವೆ. ದೀಪಾವಳಿಗೆ ಬಂದವನು ಮಾತೇ ಆಡುತ್ತಿಲ್ಲ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ. ಇಷ್ಟದ ಕ್ರಿಕೆಟ್ ಬ್ಯಾಟನ್ನು ಪಕ್ಕದ ಮನೆ ಹುಡುಗನಿಗೆ ಕೊಟ್ಟುಬಿಟ್ಟ. 'ನಾನಿಲ್ಲದಿದ್ದರೆ ನಿಮಗೆ ಖರ್ಚು ಉಳಿಯುತ್ತಿತ್ತು' ಅಂದ. ನಮ್ಮ ಯಜಮಾನರು 'ಓದೋಕೆ ಸೋಮಾರಿತನ, ನಾಟಕ' ಅನ್ನುತ್ತಾರೆ. ಸಾಯುವ ಯೋಚನೆ ಇದೆಯಾ ಎಂದು ಕೇಳಿದರೆ ನಾನೇ ಅದನ್ನು ಅವನ ತಲೆಗೆ ಹಾಕಿದಂತಾಗುತ್ತದಾ?
– ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಉತ್ತರ: ಇಲ್ಲಮ್ಮ, ಹಾಗಾಗುವುದಿಲ್ಲ. ಕೇಳಿ. ಇವತ್ತೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೊಳಗೇ ನೋಯುತ್ತಿರುವ ಮಗುವಿಗೆ ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ, ಅಷ್ಟೇ. 'ಹಾಗೆಲ್ಲ ಏನೂ ಇಲ್ಲ ಅಲ್ವಾ?' ಎಂದು ಮಾತ್ರ ಕೇಳಬೇಡಿ. ನಿಮ್ಮ ಸಮಾಧಾನಕ್ಕೆ 'ಇಲ್ಲ' ಅಂದುಬಿಡುತ್ತಾನೆ. 'ಸಾಯಬೇಕು ಅನ್ನಿಸ್ತಿದೆಯಾ ಮಗಾ?' ಎಂದು ನೇರವಾಗಿಯೇ ಕೇಳಿ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಬುದ್ಧಿ ಹೇಳಲು ಹೋಗಬೇಡಿ. ಪೂರ್ತಿ ಕೇಳಿಸಿಕೊಳ್ಳಿ. ನಿಮಗೆ ಅಳು ಬಂದರೆ ಅಳಿ, ತಪ್ಪೇನಿಲ್ಲ.

ಇದು ನಾಟಕವಲ್ಲ. ಆಸೆಯಿಂದ ಇಟ್ಟುಕೊಂಡದ್ದನ್ನು ಕೊಟ್ಟುಬಿಡುವುದು, ತಾನು ಮನೆಗೆ ಭಾರ ಅನ್ನುವುದು, ಎರಡೂ ಅಪಾಯದ ಗುರುತು. ಅವನನ್ನು ಒಬ್ಬನೇ ಬಿಡಬೇಡಿ. ಮಾತ್ರೆಗಳನ್ನು, ಹೊಲಕ್ಕೆ ಹೊಡೆಯುವ ಔಷಧಿಯನ್ನು ಈಗಲೇ ಮನೆಯಿಂದಾಚೆ ಸಾಗಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೀವೂ ಮಾಡಬಹುದು, ಅವನೂ ಮಾಡಬಹುದು. ನಾಳೆಯೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಅಷ್ಟರೊಳಗೆ ಏನಾದರೂ ಮಾಡಿಕೊಳ್ಳುವ ಸೂಚನೆ ಕಂಡರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಇಲ್ಲವೇ 112ಕ್ಕೆ ಕರೆ ಮಾಡಿ. ಊರವರು ಏನಂದಾರು ಎಂಬ ಚಿಂತೆ ಈಗ ಬೇಡ.

ಯಜಮಾನರಿಗೆ ಈ ಉತ್ತರ ಓದಿಸಿ. ಸಾಲದ ಲೆಕ್ಕ ಮಗನ ಕಿವಿಗೆ ಬಿದ್ದಿದೆ, ಅದನ್ನೇ ಅವನು ತಿರುಗಿಸಿ ಹೇಳಿದ್ದಾನೆ. 'ನೀಟ್ ಆಗದಿದ್ದರೂ ಪರವಾಗಿಲ್ಲ, ನಮಗೆ ನೀನು ಬೇಕು' ಅನ್ನುವ ಮಾತು ಅಪ್ಪನ ಬಾಯಿಂದಲೇ ಬರಬೇಕು. ಅಮ್ಮ ಹೇಳಿದರೆ ಅರ್ಧ ಮಾತ್ರ ನಂಬುತ್ತಾನೆ. ನೀಟ್ ಮುಂದಿನ ವರ್ಷವೂ ಬರೆಯಬಹುದು. ಪಿಯುಸಿಗೂ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ.

ರಜೆ ಮುಗಿಯಿತೆಂದು ಹಾಸ್ಟೆಲ್‌ಗೆ ಕಳಿಸಬೇಡಿ. ವೈದ್ಯರು ಸರಿ ಅನ್ನುವವರೆಗೆ ಮನೆಯಲ್ಲೇ ಇರಲಿ. ಕಟ್ಟಿದ ಫೀಸಿನ ಮಾತು ಆಮೇಲೆ.