ಪೊಲೀಸ್ ಪಾತ್ರದ ಕಹಿ ಬಾಲ್ಯಕ್ಕೆ ಎಷ್ಟು ನಿಮಿಷದ ಫ್ಲ್ಯಾಶ್‌ಬ್ಯಾಕ್ ಬೇಕು?

8 ಕಂತಿನ ಕ್ರೈಂ ಸರಣಿ, 5ನೇ ಕಂತಿನಲ್ಲಿ ನಾಯಕನ ಬಾಲ್ಯ. ಫ್ಲ್ಯಾಶ್‌ಬ್ಯಾಕ್ 10 ನಿಮಿಷ ಸಾಕೋ 15 ಬೇಕೋ, ಕಪ್ಪು-ಬಿಳುಪಿನಲ್ಲಿ ತೋರಿಸಲೋ ಎಂದು ಕೇಳಿದ್ದೀರಿ. ನಾನು 11 ನಿಮಿಷ ಬರೆದಿದ್ದೆ. ಕೊನೆಗೆ ಉಳಿದದ್ದು 70 ಸೆಕೆಂಡು.

ಕೇರಳದ ಗಡಿನಾಡು ಕಾಸರಗೋಡಿನ ಪೆರ್ಲ, ಬದಿಯಡ್ಕ ಸುತ್ತಿನ ನಾವು ಕೆಲವರು ಸೇರಿ ಯೂಟ್ಯೂಬಿಗೆಂದು 6 ಕಂತಿನ ಸರಣಿ ಮಾಡಿದ್ದೆವು, ಕಂತಿಗೆ 24 ನಿಮಿಷ. ಬರವಣಿಗೆ ನನ್ನದು. ನಾಯಕ ಕಾಸರಗೋಡು ಜಿಲ್ಲೆಯ ಒಬ್ಬ ಎಸ್.ಐ., 38 ವರ್ಷ, ಕಥೆ ನಡೆಯುವುದು 2023ರಲ್ಲಿ. 4ನೇ ಕಂತಿನಲ್ಲಿ ಒಂದು ಹಳೆಯ ಸುರಂಗದೊಳಗೆ ಹೆಣ ಸಿಗುತ್ತದೆ.

ನೀವು ಯಾವ ಊರಿನವರೋ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ: ನಮ್ಮಲ್ಲಿ ಸುರಂಗವೆಂದರೆ ನೀರಿಗಾಗಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡಕ್ಕೆ ಅಡ್ಡಡ್ಡ ಕೊರೆದ ದಾರಿ. ಅಗಲ 2 ಅಡಿಯ ಆಸುಪಾಸು, ಎತ್ತರ ಒಬ್ಬ ತಲೆ ಬಗ್ಗಿಸಿ ನಿಲ್ಲುವಷ್ಟು. ನೀರು ತಾನಾಗಿ ಹರಿದು ಹೊರಗೆ ಬರಲೆಂದು ಬಾಯಿಯ ಕಡೆಗೆ ಸಣ್ಣ ಇಳಿಜಾರು. ಮುಂದಿನವ ಪಿಕ್ಕಾಸು ಹಾಕುತ್ತಾನೆ, ಹಿಂದಿನವ ಬುಟ್ಟಿಯಲ್ಲಿ ಮಣ್ಣು ಹೊರುತ್ತಾನೆ. ಬೆಳಕಿಗೆ ಮೇಣದಬತ್ತಿ. ಗಾಳಿ ಹೇಗಿದೆ ಎಂದು ಹೇಳುವುದೂ ಅದೇ ಬತ್ತಿ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟು ಇರುತ್ತದೆ. ಸುಮಾರು 16ಕ್ಕೆ ಇಳಿದರೆ ಬತ್ತಿ ಆರುತ್ತದೆ. ಆಗಲೂ ಮನುಷ್ಯ ನಿಂತಿರುತ್ತಾನೆ, ತಿರುಗಿ ಹೊರಗೆ ಬರಲು ಸ್ವಲ್ಪ ಸಮಯ ಇರುತ್ತದೆ. ಸ್ವಲ್ಪವೇ.

ಎಸ್.ಐ.ಯ ಬಾಲ್ಯ ಇದು. 1996, ಬೇಸಿಗೆ, ಅವನಿಗೆ 11 ವರ್ಷ. ಅಪ್ಪ ಐತಪ್ಪ ಸುರಂಗ ತೋಡುವವ, ಮಗ ಬುಟ್ಟಿ ಹೊರುವವ. ಬತ್ತಿ ಆರಿತು, ಮಗ ಕೂಗಿದ, ಅಪ್ಪ ಬರಲಿಲ್ಲ. ಸ್ಟೇಷನ್ನಿನಲ್ಲಿ ಹುಡುಗ ಕನ್ನಡದಲ್ಲಿ ಹೇಳಿದ: 'ಬತ್ತಿ ಆರಿತು.' ಹೆಡ್ ಕಾನ್‌ಸ್ಟೆಬಲ್ ಮಲಯಾಳದಲ್ಲಿ ಬರೆದುಕೊಂಡ: 'ಅಣಚ್ಚು.' ಮಲಯಾಳದಲ್ಲಿ ತಾನಾಗಿ ಆರಿದರೆ 'ಅಣಞ್ಞು', ಯಾರಾದರೂ ಆರಿಸಿದರೆ 'ಅಣಚ್ಚು'. ವ್ಯತ್ಯಾಸ ಒಂದು ಒತ್ತಕ್ಷರದ್ದು. ನಮ್ಮ ಕನ್ನಡದಲ್ಲಿ 'ಆರಿಸಿದೆ', 'ಆರಿಸಿದ' ಎಂದು ಕ್ರಿಯಾಪದವೇ ಆಳನ್ನು ತೋರಿಸುತ್ತದೆ, ಮಲಯಾಳದಲ್ಲಿ ತೋರಿಸುವುದಿಲ್ಲ. ಹೇಳಿಕೆ ಹುಡುಗನದ್ದು, ಹಾಗಾಗಿ ಓದಿದವರೆಲ್ಲ ಆರಿಸಿದ್ದು ಹುಡುಗನೇ ಎಂದುಕೊಂಡರು. ಜಾಗದ ಧಣಿ ಪಾರಾದ. ಕನ್ನಡ ಶಾಲೆಯ ಹುಡುಗನಿಗೆ ಆ ಕಾಗದ ಓದಲು ಬರುತ್ತಿರಲಿಲ್ಲ.

ವಸ್ತು ಗಟ್ಟಿಯಾಗಿಯೇ ಇತ್ತು. ಅದನ್ನು ಇಟ್ಟ ಜಾಗದಲ್ಲಿ ತಪ್ಪಿದೆ.

ಮೊದಲ ಆವೃತ್ತಿಯಲ್ಲಿ 6ನೇ ನಿಮಿಷಕ್ಕೆ ಎಸ್.ಐ. ಸುರಂಗದ ಬಾಯಿಗೆ ಬಂದು ನಿಲ್ಲುತ್ತಾನೆ. ಒಳಗೆ ಹೋಗುವುದಿಲ್ಲ. ಕ್ಯಾಮೆರಾ ಅವನ ಕಣ್ಣಿನ ಹತ್ತಿರ ಹೋಗುತ್ತದೆ, 1996 ಶುರು. 17ನೇ ನಿಮಿಷಕ್ಕೆ ವಾಪಸ್, ಅವನ ಕಣ್ಣಲ್ಲಿ ನೀರು. ಬರೆಯುವಾಗ ಇದಕ್ಕಿಂತ ಒಳ್ಳೆಯ ಜಾಗವೇ ಇಲ್ಲ ಅನ್ನಿಸಿತ್ತು: ಸುರಂಗ ಕಂಡಿತು, ನೆನಪು ಬಂತು. ಎಡಿಟಿಂಗ್ ಮುಗಿಸಿ ಹೊರಗಿನ ಕೆಲವರಿಗೆ ತೋರಿಸಿದಾಗ ಫ್ಲ್ಯಾಶ್‌ಬ್ಯಾಕ್ ನೋಡಿ ಇಬ್ಬರು ಅತ್ತರು. ಕಂತು ಮುಗಿದ ಮೇಲೆ ಕೊಲೆಯ ಬಗ್ಗೆ ಒಬ್ಬರೂ ಏನೂ ಕೇಳಲಿಲ್ಲ. ಯಾಕೆ ಹೀಗಾಯಿತು ಎಂದು ಹುಡುಕಲು ನನಗೆ ವಾರಗಳೇ ಹಿಡಿದವು. ನೀವು ಅಲ್ಲೇ ಎಡವುತ್ತಿದ್ದೀರಿ ಎಂದು ಪ್ರಶ್ನೆಯಲ್ಲೇ ಕಾಣುತ್ತಿದೆ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

'ಇವನು ಯಾಕೆ ಒಳಗೆ ಹೋಗ್ತಾ ಇಲ್ಲ?' ಎಂಬ ಪ್ರಶ್ನೆ ನೋಡುವವರ ತಲೆಯಲ್ಲಿ ಹುಟ್ಟಿ 40 ಸೆಕೆಂಡೂ ಆಗಿರಲಿಲ್ಲ. ನಾನು ಅದಕ್ಕೆ 11 ನಿಮಿಷದ ಉತ್ತರ ಕೊಟ್ಟೆ. ಹಸಿವಾಗುವ ಮೊದಲೇ ಎಲೆ ಹಾಕಿ ಬಡಿಸಿದ ಹಾಗೆ. ಅಷ್ಟು ಹೊತ್ತು ಹೆಣ ಸುರಂಗದೊಳಗೇ ಇದೆ, ಮಹಜರು ಆಗಿಲ್ಲ, ಸಂಶಯದವನು ಎಲ್ಲಿದ್ದಾನೋ ಗೊತ್ತಿಲ್ಲ. ತನಿಖೆಯ ಗಡಿಯಾರ ನಿಂತುಹೋಗಿತ್ತು.

ಇದು ಸಣ್ಣ ಪೆಟ್ಟು. ದೊಡ್ಡದು ಬೇರೆ. ನಮ್ಮ ಕಥೆಯಲ್ಲಿ ಎಸ್.ಐ. ತಾನು ಹೋಗದೆ ಒಬ್ಬ ಎಳೆಯ ಸಿಪಿಒನನ್ನು (ಸಿವಿಲ್ ಪೊಲೀಸ್ ಆಫೀಸರ್, ಕೇರಳದಲ್ಲಿ ಕಾನ್‌ಸ್ಟೆಬಲ್‌ಗೆ ಈಗಿನ ಹೆಸರು) ಒಳಗೆ ಕಳಿಸುತ್ತಾನೆ. ಸಿಪಿಒ ಮೊಬೈಲ್ ಟಾರ್ಚ್ ಹಿಡಿದು ಹೋಗಿ ಉಸಿರು ಸಿಗದೆ ಬೀಳುತ್ತಾನೆ. ಬತ್ತಿ ಹಿಡಿದು ಹೋಗಬೇಕು ಎಂಬುದು ಆ ಸ್ಟೇಷನ್ನಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಎಸ್.ಐ. ಅವನ ಬಾಯಿಂದ ಆ ಮಾತು ಹೊರಡಲಿಲ್ಲ. ಇದು ಒಬ್ಬ ಮನುಷ್ಯನ ಜೀವಕ್ಕೇ ಕುತ್ತು ತಂದ ತಪ್ಪು. ಅಪ್ಪ ಸತ್ತದ್ದನ್ನು ಮೊದಲೇ ತೋರಿಸಿದ್ದರಿಂದ, ಸಿಪಿಒ ಬಿದ್ದಾಗ ನೋಡುವವರು ಎಸ್.ಐ.ಯ ಮುಖವನ್ನೇ ನೋಡಿ 'ಪಾಪ' ಅಂದರು. ಬಿದ್ದವನಿಗೆ ಪಾಪ ಅನ್ನಲಿಲ್ಲ. ತಪ್ಪು ನಡೆಯುವ ಮೊದಲೇ ಕ್ಷಮೆ ಸಿಕ್ಕಿಬಿಟ್ಟರೆ ಆ ತಪ್ಪಿಗೆ ತೂಕವೇ ಇರುವುದಿಲ್ಲ. ಮೊದಲು ತಪ್ಪು, ಮತ್ತೆ ಅದರಿಂದಾದ ನಷ್ಟ, ಆಮೇಲೆ ಕಾರಣ. ಈ ಅನುಕ್ರಮವನ್ನು ನಾನು ತಲೆಕೆಳಗು ಮಾಡಿದ್ದೆ.

ಅಣಞ್ಞು-ಅಣಚ್ಚು ಕೂಡ ಅದೇ ಕಾರಣಕ್ಕೆ ಸತ್ತುಹೋಯಿತು. ಆ ಎರಡು ಪದಗಳಿಂದ ಏನಾಗುತ್ತದೆ ಎಂದು ಗೊತ್ತಾಗುವ ಮೊದಲೇ ತೆರೆಯ ಮೇಲೆ ಕಾಗದ ತೋರಿಸಿ ಕೆಳಗೆ ಕನ್ನಡದಲ್ಲಿ ಅರ್ಥ ಹಾಕಿದ್ದೆ. ವ್ಯಾಕರಣ ಪಾಠದಂತಾಯಿತು.

ಈಗ ಇರುವ ಆವೃತ್ತಿ ಹೀಗಿದೆ. 6ನೇ ನಿಮಿಷಕ್ಕೆ ಅವನು ಸುರಂಗದ ಬಾಯಿಯಲ್ಲಿ ನಿಲ್ಲುತ್ತಾನೆ, ಸಿಪಿಒನನ್ನು ಕಳಿಸುತ್ತಾನೆ, ವಿವರಣೆ ಇಲ್ಲ. 8ಕ್ಕೆ ಸಿಪಿಒನನ್ನು ಎಳೆದು ಹೊರಗೆ ತರುತ್ತಾರೆ. 11ಕ್ಕೆ ಆಸ್ಪತ್ರೆಯಲ್ಲಿ ಸಿಪಿಒನ ಹೆಂಡತಿ ಎಸ್.ಐ.ಯನ್ನು ಮಾತಾಡಿಸುವುದಿಲ್ಲ. 17ಕ್ಕೆ, ಹೆಣ ಮೊದಲು ಕಂಡ ಮುದುಕನ ಹೇಳಿಕೆ. ಆತನೂ ಹಿಂದೆ ಸುರಂಗ ತೋಡಿದವ. 'ನಾನು ನೋಡುವಾಗ ಬತ್ತಿ ಆರಿತ್ತು ಸಾರ್' ಎನ್ನುತ್ತಾನೆ. ಇನ್ನೊಬ್ಬ ಸಿಪಿಒ ಅದನ್ನು ಮಲಯಾಳದಲ್ಲಿ ಬರೆದು, ಎಸ್.ಐ. ಹೇಳಿದ್ದಕ್ಕೆ ಓದಿ ಹೇಳುತ್ತಾನೆ.

'ಅಣಚ್ಚು ಅಲ್ಲ. ಅಣಞ್ಞು ಅಂತ ಬರೆ,' ಎನ್ನುತ್ತಾನೆ ಎಸ್.ಐ.

'ರಂಡುಂ ಒನ್ನಲ್ಲೇ ಸಾರ್?' ಎರಡೂ ಒಂದೇ ಅಲ್ಲವಾ ಎಂದು ಅವನು ಕೇಳುವುದು.

ಎಸ್.ಐ. ಉತ್ತರ ಕೊಡುವುದಿಲ್ಲ. ಪೆನ್ನು ತಾನೇ ತೆಗೆದುಕೊಂಡು ತಿದ್ದುತ್ತಾನೆ. ಅಷ್ಟು ಹೊತ್ತು ಸಾರ್, ನೀವು ಎನ್ನುತ್ತಿದ್ದ ಮುದುಕ ಅವನನ್ನೇ ನೋಡುತ್ತಾ ಕೇಳುತ್ತಾನೆ: 'ನೀನು ಐತಪ್ಪನ ಮಗನಾ?'

'ನೀವು' ಹೋಗಿ 'ನೀನು' ಬಂದ ಆ ಕ್ಷಣವೇ ಗುಟ್ಟು ಒಡೆಯುವ ಕ್ಷಣ. ಅದಾದ ಮೇಲೆ 70 ಸೆಕೆಂಡು 1996: ಬತ್ತಿ, ಹುಡುಗನ ಮಣ್ಣು ಮೆತ್ತಿದ ಪಾದ, ಬರೆಯುತ್ತಿರುವ ಕೈ. ಹೆಡ್ ಕಾನ್‌ಸ್ಟೆಬಲ್ ಮಲಯಾಳದಲ್ಲಿ ಗಡಗಡ ಓದುತ್ತಾನೆ, ಕೆಳಗೆ ಅರ್ಥ ಹಾಕಿಲ್ಲ. ಮಲಯಾಳ ಬಾರದ ಪ್ರೇಕ್ಷಕನಿಗೂ ಆ ಓದಿನ ನಡುವೆ 'ಅಣಚ್ಚು' ಎಂಬ ಒಂದು ಪದ ಕಿವಿಗೆ ಬೀಳುತ್ತದೆ. ಈಗಷ್ಟೇ ಕಲಿತ ಪದ. ಹುಡುಗನಿಗೆ ಅರ್ಥವಾಗದ್ದು ನೋಡುವವನಿಗೆ ಅರ್ಥವಾಗುತ್ತದೆ. ಇಷ್ಟಕ್ಕೆ 11 ನಿಮಿಷ ಬೇಕಾಗಿರಲಿಲ್ಲ.

ಆ ಬಾಲ್ಯವೇ ತನಿಖೆಗೂ ದಾರಿ ಮಾಡುತ್ತದೆ. ಸುರಂಗದಲ್ಲಿ ಸಿಕ್ಕ ಬತ್ತಿಯ ತುಂಡನ್ನು ಎಸ್.ಐ. ಮತ್ತೆ ತೆಗೆದು ನೋಡುತ್ತಾನೆ. ಗಾಳಿ ಸಾಲದೆ ಆರಿದ್ದರೆ ಬತ್ತಿಯ ನೂಲು ಹಾಗೇ ನಿಂತಿರಬೇಕು. ಇದು ಬೆರಳಲ್ಲಿ ಚಿವುಟಿದಂತೆ ಚಪ್ಪಟೆಯಾಗಿ ಬಾಗಿದೆ. ಅಲ್ಲಿ ಇನ್ನೊಬ್ಬನಿದ್ದ. ಬಾಲ್ಯದಲ್ಲಿ ಆ ಪೆಟ್ಟು ತಿನ್ನದವನಿಗೆ ಈ ನೂಲು ಕಣ್ಣಿಗೇ ಬೀಳುತ್ತಿರಲಿಲ್ಲ.

ಹಾಗಾಗಿ ನಿಮಿಷದ ಲೆಕ್ಕ ಬಿಡಿ. ನಿಮ್ಮ ಇನ್‌ಸ್ಪೆಕ್ಟರನ ಬಾಲ್ಯದಿಂದ ಈ ಕೇಸಿನಲ್ಲಿ ಯಾವ ನಿರ್ಧಾರ ತಪ್ಪಿತು, ಯಾವ ಸುಳಿವು ಸಿಕ್ಕಿತು ಎಂದು ಎರಡು ವಾಕ್ಯ ಬರೆಯಿರಿ. ಬರೆಯಲು ಆಗದಿದ್ದರೆ ಆ ಬಾಲ್ಯ ನಿಮ್ಮ ಸರಣಿಗೆ ಬೇಕಾಗಿಲ್ಲ. ಅಪ್ಪ ಹೊಡೆಯುತ್ತಿದ್ದ, ಅದಕ್ಕೆ ಇವನು ಲಾಕಪ್ಪಿನಲ್ಲಿ ಹೊಡೆಯುತ್ತಾನೆ ಎಂಬ ಬಗೆಯದ್ದಾದರೆ ದಯವಿಟ್ಟು ಮಾಡಬೇಡಿ. ಹೊಡೆಸಿಕೊಂಡವನ ಕಥೆ ಹೇಳದೆ ಹೊಡೆದವನ ಕಣ್ಣೀರು ತೋರಿಸುವುದು ಅನ್ಯಾಯ.

ಮೊದಲ ಕಂತುಗಳಲ್ಲಿ ಸುಳಿವು ಬಿತ್ತುವುದು ಮುಖ್ಯ. ನಾವು ಮೂರು ಇಟ್ಟೆವು, ಯಾವುದೂ 10 ಸೆಕೆಂಡಿಗಿಂತ ಉದ್ದವಿಲ್ಲ. 1ನೇ ಕಂತಿನಲ್ಲಿ ಕರೆಂಟು ಹೋದಾಗ ಬತ್ತಿ ಹಚ್ಚಲು ಹೋದವನಿಗೆ 'ಟಾರ್ಚ್ ತಾ' ಎನ್ನುತ್ತಾನೆ. 2ರಲ್ಲಿ ಒಬ್ಬ ಸಾಕ್ಷಿಯ ಹೇಳಿಕೆಯನ್ನು ಓದಿಸುತ್ತಾನೆ, ಅದರಿಂದ ಬಸ್ಸಿನ ಸಮಯ ತಪ್ಪಾಗಿ ಬರೆದದ್ದು ಸಿಗುತ್ತದೆ. 3ರಲ್ಲಿ ಬಾವಿಕಟ್ಟೆಯಿಂದ ಎರಡು ಹೆಜ್ಜೆ ದೂರ ನಿಲ್ಲುತ್ತಾನೆ. ಪ್ರತಿ ಸುಳಿವಿಗೂ ಆ ದೃಶ್ಯದೊಳಗೇ ಒಂದು ಕೆಲಸ ಇರಬೇಕು. ಬಸ್ಸಿನ ಸಮಯ ಇಲ್ಲದಿದ್ದರೆ ಓದಿಸುವುದು ಬರೀ ಚಾಳಿಯಾಗಿ ಕಾಣುತ್ತಿತ್ತು.

ಕಾನೂನಿನ ಒಂದೆರಡು ವಿಷಯ, ಯಾಕೆಂದರೆ ನಾನು ಇಲ್ಲೂ ಎಡವಿದ್ದೆ. ಮೊದಲ ಪ್ರತಿಯಲ್ಲಿ ಹುಡುಗ ಹೇಳಿಕೆಗೆ ಸಹಿ ಹಾಕುತ್ತಾನೆ. ಒಬ್ಬ ವಕೀಲರು ಓದಿ ತಡೆದರು: ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 161ರಡಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವನ ಸಹಿ ಇರಬಾರದು, 162 ಅದನ್ನೇ ಹೇಳುತ್ತದೆ. ಸಹಿ ತೆಗೆದ ಮೇಲೆ ದೃಶ್ಯ ಇನ್ನೂ ಬಿಗಿಯಾಯಿತು. ಹುಡುಗನಿಗೆ ಆ ಕಾಗದ ಮುಟ್ಟಲೂ ಸಿಗುವುದಿಲ್ಲ. 2024ರ ಜುಲೈ 1ರಿಂದ ಇವು ಅದರ ಬದಲು ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 180 ಮತ್ತು 181. ನಿಮ್ಮ ಕಥೆ ಅದರ ಈಚಿನದ್ದಾದರೆ ಹಳೆಯ ನಂಬರು ಪಾತ್ರಗಳ ಬಾಯಲ್ಲಿ ಬರಬಾರದು. ಬಾಲ್ಯ ಯಾವ ವರ್ಷದ್ದು ಎಂದೂ ಲೆಕ್ಕ ಹಾಕಿ. ಉದಾಹರಣೆಗೆ ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ಕ್ಕೆ. 1982ರ ಘಟನೆಗೆ 'ಕಾಸರಗೋಡು ಎಸ್.ಪಿ.' ಎಂದು ಬರೆದರೆ ಇಲ್ಲಿಯವರು ಅಲ್ಲೇ ಹಿಡಿಯುತ್ತಾರೆ, ಆಗ ನಾವು ಕಣ್ಣೂರು ಜಿಲ್ಲೆ.

ಶೂಟಿಂಗಿಗೆ ನಿಜವಾದ ಸುರಂಗಕ್ಕೆ ಯಾರನ್ನೂ ಇಳಿಸಬೇಡಿ. ಮುರಕಲ್ಲು ನಿಲ್ಲುತ್ತದೆ, ಅದರ ಅಡಿಯ ಶೇಡಿಮಣ್ಣು (ಮೆತ್ತನೆಯ ಜೇಡಿಮಣ್ಣು) ಹೇಳದೆ ಕುಸಿಯುತ್ತದೆ. ನಾವು ಶೆಡ್ಡಿನೊಳಗೆ ಪ್ಲೈವುಡ್ಡಿನಲ್ಲಿ 16 ಅಡಿ ಉದ್ದ ಕಟ್ಟಿ, ಅಂಟು ಬಳಿದು ಮುರಕಲ್ಲಿನ ಹುಡಿ ಎರಚಿದೆವು. ಒಂದು ಪಕ್ಕದ ಗೋಡೆ ಕಳಚಿ ತೆಗೆಯುವಂಥದ್ದು, ಕ್ಯಾಮೆರಾಕ್ಕೆ. ಬತ್ತಿಯೊಂದರ ಬೆಳಕು ಸಾಲದೆ ಚಿತ್ರದಲ್ಲಿ ಕಾಳು ಕಾಳು ಬಂತು. ಮತ್ತೆ ಬುಟ್ಟಿಯ ಹಿಂದೆ ಹಳದಿ ಎಲ್‌ಇಡಿ ಅಡಗಿಸಿದೆವು. ಬಾಲನಟ ಇದ್ದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ 5 ಗಂಟೆಗಿಂತ ಹೆಚ್ಚು ಇಲ್ಲ, ವಿಶ್ರಾಂತಿ ಕೊಡದೆ ಒಂದೇ ಸಮನೆ 3 ಗಂಟೆಗಿಂತ ಹೆಚ್ಚು ಇಲ್ಲ. ಫ್ಲ್ಯಾಶ್‌ಬ್ಯಾಕ್ ಚಿಕ್ಕದು ಮಾಡಲು ಇದೂ ಒಂದು ಕಾರಣ.

ಕಪ್ಪು-ಬಿಳುಪು ಬೇಡ. ಮುರಕಲ್ಲಿನ ಕೆಂಪು ಹೋದರೆ ಅದು ನಮ್ಮ ಗುಡ್ಡವೇ ಅಲ್ಲ. ನಿಮ್ಮ ಊರಿನ ಮಣ್ಣಿಗೂ ಒಂದು ಬಣ್ಣ ಇದ್ದೇ ಇರುತ್ತದೆ.

ಈ ವಾರ ಒಂದು ಕೆಲಸ ಮಾಡಿ. 5ನೇ ಕಂತಿನ ಪ್ರತಿಯಿಂದ ಫ್ಲ್ಯಾಶ್‌ಬ್ಯಾಕಿನ ಪುಟಗಳನ್ನು ಕಳಚಿ ಬದಿಗಿಡಿ. ಉಳಿದದ್ದನ್ನು ಕಥೆ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು ಪಕ್ಕದಲ್ಲೇ ಕೂತಿರಿ. 'ಇವನು ಯಾಕೆ ಹೀಗೆ ಮಾಡ್ತಾನೆ?' ಎಂದು ಅವರಾಗಿ ಕೇಳುವ ಪುಟಕ್ಕೆ ಗುರುತು ಹಾಕಿ. ನಮ್ಮದರಲ್ಲಿ ಅದು 16ನೇ ಪುಟ ಆಗಿತ್ತು. ನಾನು ಉತ್ತರ ಇಟ್ಟದ್ದು 6ರಲ್ಲಿ.