ಕೆಂಟಕಿಯಲ್ಲಿ ಶುಕ್ರವಾರ ಸಂಜೆ ಯಾರಾದರೂ ಕರೆದರೆ

ನೀವು ಕೇಳಿದ್ದು ನಾಲ್ಕು ಪ್ರಶ್ನೆ. ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ಮನೆ ಎಲ್ಲಿ ಹಿಡಿಯೋದು, ನಮ್ಮ ಸಾಮಾನು ಎಲ್ಲಿ ಸಿಗುತ್ತದೆ, ಚಳಿ ಹೇಗೆ. ಕೊನೆಗೆ ಸುಮ್ನೆ ಸೇರಿಸಿದ ಹಾಗೆ ಇನ್ನೊಂದು: "ಆಫೀಸಿನವರೊಬ್ಬರು, ನಾನು ಅಲ್ಲಿಗೆ ಬಂದ ವಾರವೇ ಶುಕ್ರವಾರ ಸಂಜೆ, ರೋಸಿನ್ ಅನ್ನೋ ಊರಿಗೆ ಬ್ಲೂಗ್ರಾಸ್ ಸಂಗೀತ ಕೇಳೋಕೆ ಕರೆದಿದ್ದಾರೆ. ಬಿಲ್ ಮನ್ರೋ ಊರಂತೆ. ಯಾರು ಅವರು? ಹೋಗದಿದ್ದರೆ ತಪ್ಪು ತಿಳೀತಾರಾ?"

ಮೊದಲ ಮೂರನ್ನು ಬೇಗ ಮುಗಿಸುತ್ತೇನೆ. ಮನೆ ಆಫೀಸಿನ ಹತ್ತಿರ ಹಿಡಿಯಿರಿ, ಕಾರು ಬರುವ ತನಕ ಅದೇ ಕ್ಷೇಮ. ಸಾಮಾನಿಗೂ ಗಣೇಶನ ಗುಡಿಗೂ ನ್ಯಾಶ್‌ವಿಲ್‌ಗೆ ಹೋಗಿ, ಒಂದು ಗಂಟೆ ದಾರಿ. ಹಿಟ್ಟು ಕೊಳ್ಳುವಾಗ ಚೀಲದ ಮೇಲೆ ಸೆಲ್ಫ್ ರೈಸಿಂಗ್ ಎಂದಿದ್ದರೆ ಮುಟ್ಟಬೇಡಿ, ಅದರಲ್ಲಿ ಉಪ್ಪು, ಬೇಕಿಂಗ್ ಪೌಡರ್ ಎಲ್ಲ ಮೊದಲೇ ಸೇರಿರುತ್ತದೆ. ಅದರಲ್ಲಿ ಒಬ್ಬಟ್ಟಿನ ಕಣಕ ಕಲಸಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಚಳಿ ತಡೆಯಬಹುದು. ಆದರೆ ಮಳೆ ರಸ್ತೆ ಮೇಲೆ ಹೆಪ್ಪುಗಟ್ಟಿದ ದಿನ ಗಾಡಿ ತೆಗೆಯಬೇಡಿ. ಇನ್ನೊಂದು, ಲೂಯಿವಿಲ್ ಇದೇ ರಾಜ್ಯದಲ್ಲಿದ್ದರೂ ಅಲ್ಲಿನ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ. ಅಲ್ಲಿಂದ ವಿಮಾನ ಹಿಡಿಯುವಾಗ ನೆನಪಿರಲಿ.

ಈಗ ನಾಲ್ಕನೆಯದು. ಬ್ಲೂಗ್ರಾಸ್ ಅಂದರೆ ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲಿನಂಥ ತಂತಿವಾದ್ಯಗಳೊಡನೆ ಹಾಡುವ ಅಮೆರಿಕದ ಒಂದು ಬಗೆಯ ಸಂಗೀತ. ಅದನ್ನು ರೂಪಿಸಿದವರು ಬಿಲ್ ಮನ್ರೋ.

ನಾನು ಬಂದದ್ದು 1994ರ ಆಗಸ್ಟ್‌ನಲ್ಲಿ. ಎರಡು ಸೂಟ್‌ಕೇಸು, ಒಂದರಲ್ಲಿ ಅರ್ಧ ಅಮ್ಮ ಮಾಡಿಕೊಟ್ಟ ಹುಳಿಪುಡಿ. ಪಕ್ಕದ ಮನೆಯಲ್ಲಿ ಒಬ್ಬ ರಿಟೈರ್ಡ್ ಅಜ್ಜ. ಸಂಜೆಯಾದರೆ ಜಗಲಿಯಲ್ಲಿ ಕೂತು ಬ್ಯಾಂಜೊ ನುಡಿಸುತ್ತಿದ್ದರು. ಬಂದ ಎರಡನೇ ವಾರವೇ "ಬಾ, ಕೂತ್ಕೋ" ಎಂದು ಕರೆದರು. ನಾನು ನಕ್ಕು ಒಳಗೆ ಹೋದೆ. ನಮ್ಮಲ್ಲಿ ಕರೆದ ತಕ್ಷಣ ಯಾರು ಹೋಗಿ ಕೂರುತ್ತಾರೆ? ಮೂರು ಸಲ ಕರೆಯಲಿ ಅಂತ ಇರುತ್ತದೆ, ಅಲ್ವಾ? ಇಲ್ಲಿನವರಿಗೆ ಆ ಲೆಕ್ಕ ಗೊತ್ತಿಲ್ಲ. ಆದರೂ ಅಜ್ಜ ಬಿಡದೆ ಕರೆಯುತ್ತಿದ್ದರು.

1995ರಲ್ಲಿ ಒಂದು ಶನಿವಾರ ಬಾಗಿಲು ತಟ್ಟಿದರು. ನ್ಯಾಶ್‌ವಿಲ್‌ನ ಹೆಸರಾಂತ ರೇಡಿಯೊ ಸಂಗೀತ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಗೆ ಒಂದು ಟಿಕೆಟ್ ಜಾಸ್ತಿ ಇದೆ, ಬಿಲ್ ಮನ್ರೋ ಹಾಡುತ್ತಾರೆ, ಹೊರಡು ಎಂದರು. ನಾನು "ಕೆಲಸ ಇದೆ" ಅಂದೆ. ಸುಳ್ಳು. ಅವತ್ತು ಸಂಜೆ ನಾನೂ ನ್ಯಾಶ್‌ವಿಲ್‌ಗೇ ಹೋದೆ, ಕನ್ನಡದವರೊಬ್ಬರ ಮನೆಯ ಊಟಕ್ಕೆ. ಒಂದೇ ಹೆದ್ದಾರಿಯಲ್ಲಿ ಅವರು ಮುಂದೆ, ನಾನು ಹಿಂದೆ. ಬಿಸಿಬೇಳೆಬಾತ್ ಚೆನ್ನಾಗಿತ್ತು.

ಮುಂದಿನ ವರ್ಷ ಸೆಪ್ಟೆಂಬರ್ 9ಕ್ಕೆ ಮನ್ರೋ ತೀರಿಕೊಂಡರು. ಇನ್ನು ನಾಲ್ಕು ದಿನ ಇದ್ದಿದ್ದರೆ 85 ತುಂಬುತ್ತಿತ್ತು. ಅವತ್ತು ಅಜ್ಜ ಜಗಲಿಯಲ್ಲಿ ಬ್ಯಾಂಜೊ ತೆಗೆಯದೆ ಸುಮ್ಮನೆ ಕೂತಿದ್ದರು. ಮೊದಲ ಸಲ ನಾನೇ ಹೋಗಿ ಪಕ್ಕದಲ್ಲಿ ಕೂತೆ. ನಿಮ್ಮ ಪ್ರಶ್ನೆಗೆ ನಾನು ಕೊಡುವ ಉತ್ತರವೆಲ್ಲ ಆ ಸಂಜೆ ಮತ್ತು ಆಮೇಲಿನ ಸಂಜೆಗಳಲ್ಲಿ ಶುರುವಾದದ್ದು.

ಮನ್ರೋ ಹುಟ್ಟಿದ್ದು 1911ರಲ್ಲಿ, ರೋಸಿನ್ ಹತ್ತಿರದ ಹೊಲಮನೆಯಲ್ಲಿ. ಎಂಟು ಮಕ್ಕಳಲ್ಲಿ ಕೊನೆಯವರು. ಕಣ್ಣು ಮಂದ. ಹತ್ತು ವರ್ಷಕ್ಕೆ ತಾಯಿ, ಹದಿನಾರಕ್ಕೆ ತಂದೆ ಹೋದರು. ಸೋದರಮಾವ ಪೆನ್ ವ್ಯಾಂಡಿವರ್ ಪಿಟೀಲು ನುಡಿಸುತ್ತಿದ್ದರು, ಹುಡುಗನನ್ನು ತಮ್ಮ ಗುಡಿಸಲಲ್ಲೇ ಇಟ್ಟುಕೊಂಡರು. ಊರಿನ ಕುಣಿತಗಳಿಗೆ ಮಾವ ನುಡಿಸುವಾಗ ಹುಡುಗ ಪಕ್ಕವಾದ್ಯ. ಇನ್ನೊಬ್ಬ ಗುರು ಆರ್ನಾಲ್ಡ್ ಶುಲ್ಟ್ಸ್, ಕಪ್ಪು ಜನಾಂಗದ ಗಿಟಾರ್, ಪಿಟೀಲು ವಾದಕ. ಬ್ಯಾಂಜೊ ಕೂಡ ಆಫ್ರಿಕಾದಿಂದ ಗುಲಾಮರಾಗಿ ಬಂದವರ ನೆನಪಿನಲ್ಲಿ ಉಳಿದು ಬಂದ ವಾದ್ಯ. ಇದು ಬರೀ ಬಿಳಿಯರ ಹಳ್ಳಿ ಹಾಡು ಎಂದು ಯಾರಾದರೂ ಅಂದರೆ ನಂಬಬೇಡಿ. ನಾನು ವರ್ಷಗಟ್ಟಲೆ ನಂಬಿದ್ದೆ.

1929ರಲ್ಲಿ, ಹದಿನೆಂಟಕ್ಕೆ, ಮನ್ರೋ ಊರು ಬಿಟ್ಟರು. ಉತ್ತರದ ಇಂಡಿಯಾನಾಕ್ಕೆ ಅಣ್ಣಂದಿರ ಹಿಂದೆ ಹೋಗಿ ಪೆಟ್ರೋಲಿಯಂ ಶುದ್ಧೀಕರಣ ಕಾರ್ಖಾನೆಯಲ್ಲಿ ಪೀಪಾಯಿ ಹೊತ್ತರು. ಕೆಲಸ ಮುಗಿಸಿ ಬಂದು ಮ್ಯಾಂಡೊಲಿನ್. ಹತ್ತು ವರ್ಷದ ಮೇಲೆ, 1939ರಲ್ಲಿ, ಆಪ್ರಿ ಸೇರಿದರು. ತಂಡಕ್ಕೆ ಊರ ನೆನಪಿಗೆ ಬ್ಲೂ ಗ್ರಾಸ್ ಬಾಯ್ಸ್ ಎಂದು ಹೆಸರಿಟ್ಟರು, ಬ್ಲೂಗ್ರಾಸ್ ರಾಜ್ಯ ಅಂತ ಕೆಂಟಕಿಯ ಅಡ್ಡಹೆಸರು. ಮುಂದೆ ಸಂಗೀತಕ್ಕೇ ಆ ಹೆಸರು ಅಂಟಿಕೊಂಡಿತು.

ಆದರೆ ಅಜ್ಜನಿಗೆ ದೇವರು ಅರ್ಲ್ ಸ್ಕ್ರಗ್ಸ್. ನಾರ್ತ್ ಕ್ಯಾರೊಲಿನಾದ ಹುಡುಗ, ಬಟ್ಟೆ ಗಿರಣಿಯಲ್ಲಿ ದುಡಿದವನು. 1945ರ ಡಿಸೆಂಬರ್‌ನಲ್ಲಿ, 21ರ ವಯಸ್ಸಿಗೆ, ಮನ್ರೋ ತಂಡ ಸೇರಿದ. ಅಲ್ಲಿಯವರೆಗೆ ಆ ವೇದಿಕೆಯಲ್ಲಿ ಬ್ಯಾಂಜೊ ಹೆಚ್ಚಾಗಿ ಹಾಸ್ಯಗಾರರ ಕೈಯ ವಾದ್ಯ. ಈತ ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರನ್ನೂ ಸರದಿಯಂತೆ ಓಡಿಸಿದ. ಸ್ವರ ಹುರಿದ ಸಾಸಿವೆಯಂತೆ ಚಟಪಟ. ಮೂರು ಬೆರಳಿನ ಪದ್ಧತಿ ಆ ಸೀಮೆಯಲ್ಲಿ ಮೊದಲೇ ಇತ್ತು, ಅದಕ್ಕೆ ಆ ಓಟ ಕೊಟ್ಟವನು ಇವನು. ಲೆಸ್ಟರ್ ಫ್ಲ್ಯಾಟ್ ಗಿಟಾರ್, ಚಬ್ಬಿ ವೈಸ್ ಪಿಟೀಲು, ಹೊವರ್ಡ್ ವಾಟ್ಸ್ ಬಾಸ್. 1946, 47ರಲ್ಲಿ ಈ ಐವರು ಮಾಡಿದ ರೆಕಾರ್ಡುಗಳೇ ಇವತ್ತಿಗೂ ಅಳತೆಗೋಲು. 1948ರಲ್ಲಿ ಫ್ಲ್ಯಾಟ್, ಸ್ಕ್ರಗ್ಸ್ ಬಿಟ್ಟು ಹೋಗಿ ಬೇರೆ ತಂಡ ಕಟ್ಟಿದರು. ಮನ್ರೋ ಅವರೊಡನೆ ಎಷ್ಟೋ ವರ್ಷ ಮಾತಾಡಲಿಲ್ಲ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದ ಮೇಲೆ ಇರುತ್ತಾರಲ್ಲ, ಹಾಗೆ.

ಇದೇ ಸಂಗೀತ ಹಾಡಿದ ವರ್ಜೀನಿಯಾದ ಸ್ಟ್ಯಾನ್ಲಿ ಸಹೋದರರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ರಾಲ್ಫ್ ಸ್ಟ್ಯಾನ್ಲಿ ದನಿಯನ್ನು ರಾತ್ರಿ ಒಬ್ಬರೇ ಇರುವಾಗ ಕೇಳಬೇಡಿ ಅಂತ ಮಾತ್ರ. ಊರಿಗೆ ಟಿಕೆಟ್ ಬುಕ್ ಮಾಡಿಬಿಡುತ್ತೀರಿ.

ಅಜ್ಜ ತಾವೂ ಕೆಂಟಕಿಯ ಬೆಟ್ಟದ ಕಡೆಯವರು. ಗಣಿ ಕೆಲಸ ನಿಂತಾಗ ಒಹಾಯೊದ ಕಾರ್ಖಾನೆಗೆ ಹೋಗಿ ಇಪ್ಪತ್ತು ವರ್ಷ ದುಡಿದರು. ಆ ಕಾಲದಲ್ಲಿ ಬೆಟ್ಟದಿಂದ ಡೇಟನ್, ಡೆಟ್ರಾಯಿಟ್, ಬಾಲ್ಟಿಮೋರ್‌ಗೆ ಲಕ್ಷಗಟ್ಟಲೆ ಜನ ಹೀಗೇ ಹೋದರು. ಅಲ್ಲಿನವರು ಇವರ ಮಾತಿನ ರಾಗ ಕೇಳಿ ನಗುತ್ತಿದ್ದರಂತೆ. ವೆಸ್ಟ್ ವರ್ಜೀನಿಯಾದ ಹೇಜಲ್ ಡಿಕನ್ಸ್ ಬಾಲ್ಟಿಮೋರಿನ ಕಾರ್ಖಾನೆಗಳಲ್ಲಿ ದುಡಿಯುತ್ತಲೇ ಹಾಡಿದವರು, ಗಂಡಸರೇ ತುಂಬಿದ್ದ ಈ ಸಂಗೀತದಲ್ಲಿ ಹೆಂಗಸರಿಗೆ ದಾರಿ ಮಾಡಿದವರು. ಹಾಗೆ ಬೆಟ್ಟದಿಂದ ಹೋದವರೆಲ್ಲ ಶುಕ್ರವಾರ ಕೆಲಸ ಬಿಟ್ಟೊಡನೆ ಗಾಡಿ ಹತ್ತಿ ಊರಿಗೆ, ಭಾನುವಾರ ರಾತ್ರಿ ಅಳುತ್ತಾ ವಾಪಸ್ಸು. ಅಜ್ಜ ಇದನ್ನು ಹೇಳುವಾಗ ನನಗೆ ಅರಸೀಕೆರೆ ರೈಲ್ವೆ ಪ್ಲಾಟ್‌ಫಾರಂ ಕಣ್ಣಿಗೆ ಬಂತು. ಈ ಹಾಡುಗಳಲ್ಲಿ ಅರ್ಧಕ್ಕರ್ಧ ಬಿಟ್ಟು ಬಂದ ಮನೆ, ದೂರದಲ್ಲಿ ತೀರಿಕೊಂಡ ತಾಯಿಯ ಬಗ್ಗೆಯೇ. ನಾನು ಎರಡು ವರ್ಷ ಗೋಡೆಯ ಈಚೆ ಕೂತು "ಇವರದ್ದೇನೋ ಹಳ್ಳಿ ಗಲಾಟೆ" ಅಂದುಕೊಂಡಿದ್ದೆ. ನಮ್ಮಪ್ಪ ಊರಿನ ಭಜನೆ ಮೇಳದಲ್ಲಿ ತತ್ವಪದ ಹಾಡುತ್ತಿದ್ದವರು. ಅವರನ್ನೂ ನಾನು ಕಾಲೇಜು ಓದುವಾಗ ಹೀಗೇ ಅಂದುಕೊಂಡಿದ್ದೆ.

ಅಜ್ಜ ಆಮೇಲೆ ಒಂಬತ್ತು ವರ್ಷ ಇದ್ದರು. ಆ ಶನಿವಾರದ ಸುಳ್ಳನ್ನು ನಾನು ಅವರಿಗೆ ಹೇಳಲೇ ಇಲ್ಲ.

ಹೋಗದಿದ್ದರೆ ತಪ್ಪು ತಿಳಿಯುವುದಿಲ್ಲ. ಎರಡನೇ ಸಲ ಕರೆಯುವುದೂ ಇಲ್ಲ, ಅಷ್ಟೇ. ಕೈಬೀಸಿಕೊಂಡು ಹೋಗಬೇಡಿ, ಚಿತ್ರಾನ್ನ ಒಯ್ಯಿರಿ, ಮೆಣಸಿನಕಾಯಿ ಕಡಿಮೆ ಹಾಕಿ. ಒಬ್ಬೊಬ್ಬರಾಗಿ ಮುಂದೆ ಬಂದು ತನಿ ನುಡಿಸುತ್ತಾರೆ, ಮುಗಿದಾಗ ಚಪ್ಪಾಳೆ ತಟ್ಟಿ. ಮನ್ರೋ ಸಮಾಧಿಯೂ ಆ ಊರಲ್ಲೇ ಇದೆ, ಬೆಳಕಿರುವಾಗ ನೋಡಿ. ರೋಸಿನ್‌ಗೂ ನಮ್ಮದೇ ಗಂಟೆ. ಅಷ್ಟರಲ್ಲಿ ನಿಮಗೆ ಕಾರು ಬಂದಿರದಿದ್ದರೆ ನನಗೆ ಫೋನ್ ಮಾಡಿ, ಶುಕ್ರವಾರ ನಾನೂ ಬಿಡುವಾಗಿರುತ್ತೇನೆ.