ಜೀವ ತುಂಬುವುದು ಯಾವ ತೂತಿನಿಂದ?

ನಮಸ್ಕಾರ.

ಜಪಾನಿನ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಇಸವಿಗಳು ಸರಿ ಇವೆ. ಆದರೆ ಎರಡು ವಾಕ್ಯ ನಿನ್ನೆಯಿಂದ ಕಿರಿಕಿರಿ ಮಾಡುತ್ತಿವೆ.

ಒಂದು, ನಿಮ್ಮ ಮೊದಲ ಸಾಲೇ: 'ಹಿರೋಷಿಮಾದ ಬೂದಿಯಿಂದ ಎದ್ದು ಬಂದ ವಸ್ತ್ರಮಾಂತ್ರಿಕ.' 1945ರ ಆಗಸ್ಟ್ 6ರಂದು ಬಾಂಬ್ ಬಿದ್ದಾಗ ಮಿಯಾಕೆಗೆ ಏಳು ವರ್ಷ. ಮೂರು ವರ್ಷದೊಳಗೆ ವಿಕಿರಣದಿಂದ ತಾಯಿಯೂ ತೀರಿಕೊಂಡರು. ಈ ಮಾತನ್ನು ಅವರು ದಶಕಗಟ್ಟಲೆ ಎತ್ತಲೇ ಇಲ್ಲ. 2009ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದದ್ದೂ ಒಬಾಮ ಹಿರೋಷಿಮಾಗೆ ಬರಲಿ ಅಂತ. 'ಬಾಂಬಿನಿಂದ ಬದುಕುಳಿದ ಡಿಸೈನರ್' ಅನ್ನುವ ಹಣೆಪಟ್ಟಿ ತನಗೆ ಬೇಡವಾಗಿತ್ತು ಎಂದು ಅದರಲ್ಲೇ ಹೇಳಿದ್ದಾರೆ. ನೀವು ಅದೇ ಪಟ್ಟಿ ತಂದು, 'ವಸ್ತ್ರಮಾಂತ್ರಿಕ' ಅಂತ ಜರಿ ಅಂಚು ಬೇರೆ ಕಟ್ಟಿ ಅಂಟಿಸಿದ್ದೀರಿ. ಆ ಸುಮ್ಮನಿದ್ದದ್ದನ್ನೇ ಬರೆಯಬಹುದಿತ್ತು, ಅಲ್ವಾ?

ಇನ್ನೊಂದು: 'ಅವರು ಪ್ಲೀಟ್ಸ್‌ಗೆ ಜೀವ ತುಂಬಿದರು.' ಸೀರೆ ಉಡುವವರ ಭಾಷೆಯಲ್ಲಿ 'ನೆರಿಗೆ' ಇರುವಾಗ ಪ್ಲೀಟ್ಸ್ ಯಾಕೆ? ಹೋಗಲಿ. ಜೀವ ತುಂಬಿದ್ದು ಹೇಗೆ? ಮೊದಲು ಬಟ್ಟೆಗೆ ನೆರಿಗೆ, ಆಮೇಲೆ ಕತ್ತರಿ, ಹೊಲಿಗೆ. ಇದು ವಾಡಿಕೆ. ಮಿಯಾಕೆ 1980ರ ದಶಕದ ಕೊನೆಗೆ ಇದನ್ನು ತಿರುಗಾಮುರುಗಾ ಮಾಡಿದರು. ಬೇಕಾದ ಅಳತೆಯ ಎರಡು ಮೂರು ಪಟ್ಟು ದೊಡ್ಡದಾಗಿ ಪಾಲಿಯೆಸ್ಟರ್ ಉಡುಪು ಹೊಲಿದು, ಕಾಗದಗಳ ನಡುವೆ ಇಟ್ಟು, ಬಿಸಿ ಪ್ರೆಸ್ಸಿಗೆ ಕೊಟ್ಟರು. ದೊಗಳೆ ಅಂಗಿ ಒಳಗೆ ಹೋಗಿ, ಮೈ ಅಳತೆಗೆ ಕುಗ್ಗಿ ಹೊರಬರುತ್ತದೆ. ಆ ನೆರಿಗೆ ಒಗೆದರೂ ಹೋಗುವುದಿಲ್ಲ. ಇಸ್ತ್ರಿ ಬೇಡ, ಸುರುಳಿ ಸುತ್ತಿ ಬ್ಯಾಗಿಗೆ ತುರುಕಬಹುದು. 1993ರ 'ಪ್ಲೀಟ್ಸ್ ಪ್ಲೀಸ್' ಎಂಬ ಉಡುಪಿನ ಸಾಲು ಹುಟ್ಟಿದ್ದು ಹೀಗೆ. ಇದರಲ್ಲಿ ಒಂದಕ್ಷರವೂ ನಿಮ್ಮಲ್ಲಿಲ್ಲ. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ ಅವರು ಮಾಡಿಕೊಟ್ಟ, ಕತ್ತು ಮುಚ್ಚುವ ಕಪ್ಪು ಟರ್ಟಲ್‌ನೆಕ್ ಅಂಗಿಗೆ ಮಾತ್ರ ಒಂದೂವರೆ ಪುಟ!

ಸಿಟ್ಟು ಜಾಸ್ತಿ ಆಯಿತೇನೋ. ಇಪ್ಪತ್ತಮೂರನೇ ವಯಸ್ಸಿನಲ್ಲಿ ನಾನು ನಮ್ಮೂರ ಟೈಲರ್ ಬಗ್ಗೆ ಮೊದಲ ಲೇಖನ ಬರೆದೆ. 'ಬಟ್ಟೆಗೆ ಜೀವ ತುಂಬುವ ಕಲಾವಿದ' ಅಂತ ಶುರು. ಹಿರಿಯ ಸಂಪಾದಕರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, 'ಯಾವ ತೂತಿನಿಂದ ತುಂಬ್ತಾನಯ್ಯಾ, ತೋರಿಸು' ಅಂದರು. ಮುಖ ಸಣ್ಣದು ಮಾಡಿಕೊಂಡು ಮತ್ತೆ ಅಂಗಡಿಗೆ ಹೋಗಿ ಮೂರು ದಿನ ಕೂತೆ. ಆತ ಹೊಲಿಯುವ ಮುಂಚೆ ಮಡಿಕೆಯ ಮೇಲೆ ಹೆಬ್ಬೆರಳ ಉಗುರು ಎಳೆಯುತ್ತಿದ್ದ. ಎಳೆದೆಳೆದು ಉಗುರು ಒಂದು ಕಡೆ ಸವೆದು ಓರೆಯಾಗಿತ್ತು. ಲೇಖನ ಆ ಉಗುರಿನಿಂದ ಶುರುವಾಯಿತು. ಅಚ್ಚೂ ಆಯಿತು.

ನಿಮ್ಮದನ್ನು ವಾಪಸ್ ಕಳಿಸುತ್ತಿದ್ದೇನೆ. ಮನೆಯಲ್ಲಿ ಹಳೇ ಪಾಲಿಯೆಸ್ಟರ್ ದುಪಟ್ಟಾ ಇದ್ದರೆ ನೆರಿಗೆ ಹಿಡಿದು, ಎರಡು ಹಾಳೆ ನಡುವೆ ಇಟ್ಟು ಇಸ್ತ್ರಿ ಒತ್ತಿ ನೋಡಿ. ಆಮೇಲೆ ಬರೆಯಿರಿ. ಕಾವು ಮಾತ್ರ ಹದವಾಗಿರಲಿ, ಸುಟ್ಟರೆ ನಾನು ಜವಾಬ್ದಾರನಲ್ಲ.